ಮನೆಯಲ್ಲಿ ಕೂರುವುದೋ, ಮತ ಕೆಡಿಸುವುದೋ, ನೋಟಾವೋ?

ಯಾವ ಅಭ್ಯರ್ಥಿಯೂ ಹಿಡಿಸದಿದ್ದರೆ ‘ಹೋಗೂದೇ ಬ್ಯಾಡ’ ಅನ್ನುವವರು ಕಾರವಾರದಲ್ಲೂ ಬಹಳ. ಆದರೆ ಲೆಕ್ಕದಲ್ಲಿ ನಿಮ್ಮ ಸಿಟ್ಟಿಗೂ, ಅಂದು ಬೈತಖೋಲದಿಂದ ಬೋಟಿನಲ್ಲಿ ಮೀನಿಗೆ ಹೋದವನ ಗೈರಿಗೂ ವ್ಯತ್ಯಾಸವಿಲ್ಲ.

ಮತ ಕೆಡಿಸುವುದು? ಇವಿಎಂನಲ್ಲಿ ಸಾಧ್ಯವೇ ಇಲ್ಲ. ಕಾಗದದ ಮತಪತ್ರ ಇರುವಲ್ಲಿ ಎರಡು ಹೆಸರಿಗೆ ಠಸ್ಸೆ ಒತ್ತಿದರೆ ತಿರಸ್ಕೃತ. ಎಣಿಸುವವರಿಗೆ ಅದು ಪ್ರತಿಭಟನೆಯೋ ಕೈತಪ್ಪೋ ತಿಳಿಯದು.

ವಿಧಾನಸಭೆ, ಲೋಕಸಭೆಗೆ 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನೋಟಾ, ಅಂದರೆ ‘ಮೇಲಿನ ಯಾರೂ ಬೇಡ’ ಅನ್ನುವ ಗುಂಡಿ, ಬಂತು. ಅದಕ್ಕೂ ಮೊದಲು 49-ಓ ನಿಯಮದಡಿ ಮತ ಬೇಡವೆಂದು ಅಧಿಕಾರಿಯೆದುರೇ ಬರೆಸಬೇಕಿತ್ತು. ಗುಟ್ಟು ಅಲ್ಲಿಗೇ ಮುಗಿಯಿತು. ಈಗ ಗುಟ್ಟೂ ಉಳಿಯುತ್ತದೆ, ಫಲಿತಾಂಶದಲ್ಲಿ ಪ್ರತ್ಯೇಕ ಸಂಖ್ಯೆಯೂ ಸಿಗುತ್ತದೆ. ಹಾಗಂತ ನೋಟಾಕ್ಕೆ ಎಲ್ಲರಿಗಿಂತ ಹೆಚ್ಚು ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿರುವವರೇ ಗೆಲ್ಲುತ್ತಾರೆ. ಠೇವಣಿ ಲೆಕ್ಕಕ್ಕೂ ಅದು ಸೇರದು. ಆದರೂ ಮೂರರಲ್ಲಿ ನನ್ನ ಬೆರಳು ಅದಕ್ಕೇ. ನಿಂತವರಲ್ಲಿ ಒಬ್ಬರು ನಿಜಕ್ಕೂ ಅಪಾಯ ಅನಿಸಿದರೆ ಮಾತ್ರ, ಅವರನ್ನು ಸೋಲಿಸಬಲ್ಲವರಿಗೆ ಒತ್ತಿ.