ಹಾಫ್ ಮೂನ್ ಬೇಗೆ ಅಕ್ಟೋಬರ್‌ನಲ್ಲಿ ಹೋಗಿ: ಸಂಜೆ ಸರ್ಫಿಂಗ್, ಆಮೇಲೆ ಕುಂಬಳಕಾಯಿ ಬಿಯರ್

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾಗೆ ಹೊಸದಾಗಿ ಬಂದ ನಮ್ಮೋರು ಜೂನ್ ಜುಲೈನಲ್ಲಿ ಅಲ್ಲಿನ ಕಡಲತೀರದ ಊರು ಹಾಫ್ ಮೂನ್ ಬೇಗೆ ಹೋಗ್ತಾರೆ, ಮಂಜು ಮುಸುಕಿ ಸಮುದ್ರಾನೇ ಕಾಣಲ್ಲ, ನಡುಗ್ಕೊಂಡು ವಾಪಸ್ ಬಂದವರು ಆಮೇಲೆ ಆ ಕಡೆ ತಲೆ ಹಾಕೋದೇ ಇಲ್ಲ. ದಯವಿಟ್ಟು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯೋದ್ರೊಳಗೆ ಒಂದ್ಸಲ ಹೋಗಿ. ಬೇಸಿಗೆ ತನಕ ವಾಯವ್ಯದ ಗಾಳಿ ಮೇಲಿನ ನೀರನ್ನ ಆಚೆ ತಳ್ತಾ ಇರುತ್ತೆ, ಆಳದ ತಣ್ಣೀರು ಮೇಲೆದ್ದು ಬರುತ್ತೆ, ಅದಕ್ಕೇ ಅಷ್ಟು ಮಂಜು. ಶರತ್ಕಾಲಕ್ಕೆ ಗಾಳಿ ಇಳಿದು ಆಕಾಶ ತಿಳಿಯಾಗುತ್ತೆ, ವರ್ಷದಲ್ಲಿ ನೀರು ಸ್ವಲ್ಪ ಬೆಚ್ಚಗಿರೋದೂ ಆಗಲೇ. ಬೆಚ್ಚಗೆ ಅಂದ್ರೆ 14-15 ಡಿಗ್ರಿ ಅಷ್ಟೇ. ಮುಲ್ಕಿ, ಸಸಿಹಿತ್ಲು ಕಡೆ ಬರೀ ಚಡ್ಡಿ ಹಾಕ್ಕೊಂಡು ಅಲೆ ಹಿಡಿದವರು ಅದೇ ಲೆಕ್ಕದಲ್ಲಿ ಇಲ್ಲಿ ಇಳೀಬೇಡಿ, 4/3 ವೆಟ್‌ಸೂಟ್ (ಮೈಗೆ 4, ಕೈಕಾಲಿಗೆ 3 ಮಿ.ಮೀ. ದಪ್ಪ ಇರೋ ರಬ್ಬರ್ ಉಡುಪು) ಬೇಕೇ ಬೇಕು, ಕಾಲಿಗೆ ಬೂಟೀಸ್ ಇದ್ರೆ ಇನ್ನೂ ವಾಸಿ.

ಕಲಿಯೋರಿಗೆ ಎಲ್ ಗ್ರನಾಡಾದ ಸರ್ಫರ್ಸ್ ಬೀಚ್ ಸಾಕು, ಹೈವೇ 1ರ ಪಕ್ಕದಲ್ಲೇ ಇದೆ. ಪಿಲ್ಲರ್ ಪಾಯಿಂಟ್ ಹಾರ್ಬರಿನ ಕಲ್ಲುಗೋಡೆ ವಾಯವ್ಯದಿಂದ ಬರೋ ಅಲೆಗಳ ಜೋರನ್ನ ಮುರಿದುಬಿಡುತ್ತೆ, ಹಾಗಾಗಿ ಫೋಮ್ ಬೋರ್ಡ್ ಮೇಲೆ ಎದ್ದು ನಿಲ್ಲೋಕೆ ನಿಮಗೆ ಪುರುಸೊತ್ತು ಸಿಗುತ್ತೆ. ಆದ್ರೆ ಅದೇ ಗೋಡೆಯಿಂದಾಗಿ ಮರಳು ಕೊಚ್ಚಿಹೋಗಿ ಬೀಚ್ ತುಂಬಾ ಸಣ್ಣದಾಗಿದೆ, ಭರತದ ಟೈಮಲ್ಲಿ ನೀರು ಸೀದಾ ರಸ್ತೆ ಕೆಳಗಿನ ಬಂಡೆಗೇ ಬಡಿಯುತ್ತೆ, ಅದಕ್ಕೆ ಟೈಡ್ ನೋಡ್ಕೊಂಡು ನೀರು ಇಳಿದಿರೋ ಸಂಜೆ ಆರಿಸ್ಕೊಳ್ಳಿ. ಮ್ಯಾವೆರಿಕ್ಸ್ ಅನ್ನೋ ಆ ಭಯಂಕರ ಅಲೆ ಏಳೋದೂ ಇದೇ ಹಾರ್ಬರಿನ ಆ ಬದಿಯಲ್ಲಿ. 1975ರಿಂದ ಸುಮಾರು 15 ವರ್ಷ ಅಲ್ಲಿನವರೇ ಆದ ಸರ್ಫರ್ ಜೆಫ್ ಕ್ಲಾರ್ಕ್ ಹೆಚ್ಚುಕಮ್ಮಿ ಒಬ್ಬರೇ ಅಲ್ಲಿ ಸರ್ಫ್ ಮಾಡ್ತಿದ್ರು! ಅದರ ಸೀಸನ್ ಚಳಿಗಾಲ, ನಮ್ಮಂಥವರು ದಡದಿಂದ ನೋಡೋದಷ್ಟೇ.

ಬಾಡಿಗೆ ವೆಟ್‌ಸೂಟ್ ಅಂಗಡಿಯಲ್ಲೇ ತಿರುಗಿಸಿ ನೋಡಿ ತಗೊಳ್ಳಿ. ಒಂದು ಕಡೆ ನನಗೆ ಕೊಟ್ಟ ಸೂಟಿಗೆ ಬೆನ್ನಿನ ಜಿಪ್ ಹತ್ರ ಹೊಲಿಗೆ ಬಿಟ್ಟಿತ್ತು, ಪ್ರತಿ ಅಲೆಗೂ ಐಸ್ ನೀರು ಬೆನ್ನುಮೂಳೆ ಉದ್ದಕ್ಕೂ ಇಳೀತಿತ್ತು, ಅರ್ಧ ಗಂಟೆಗೆ ಬೆರಳು ಮರಗಟ್ಟಿ ಬೋರ್ಡನ್ನ ಕಾಲಿಗೆ ಕಟ್ಟೋ ಲೀಶ್ ಬಿಚ್ಚೋಕೂ ಆಗ್ಲಿಲ್ಲ. ಇನ್ನೊಂದು ವಿಷ್ಯ, ಈ ತಿಂಗಳುಗಳಲ್ಲೇ ಬಿಳಿ ಶಾರ್ಕ್‌ಗಳು ಸೀಲ್ ತಿನ್ನೋಕೆ ಸ್ಯಾನ್ ಫ್ರಾನ್ಸಿಸ್ಕೋ ಆಚೆ ಸಮುದ್ರದಲ್ಲಿರೋ ಫ್ಯಾರಲಾನ್ ದ್ವೀಪಗಳ ಕಡೆ ವಾಪಸ್ ಬರೋದು. ದಾಳಿ ತೀರಾ ಅಪರೂಪ, ಆದ್ರೂ ಒಬ್ಬರೇ ಇಳೀಬೇಡಿ, ಸೂರ್ಯ ಮುಳುಗೋದ್ರೊಳಗೆ ಎದ್ದು ಬನ್ನಿ.

ಸರ್ಫರ್ಸ್ ಬೀಚಿಂದ ಕಾರಲ್ಲಿ ಐದು ನಿಮಿಷ ಹೋದ್ರೆ ಪ್ರಿನ್ಸ್‌ಟನ್‌ನಲ್ಲಿ ಹಾಫ್ ಮೂನ್ ಬೇ ಬ್ರೂಯಿಂಗ್ ಕಂಪನಿ ಅನ್ನೋ ಬ್ರೂಪಬ್ (ತಮ್ಮದೇ ಬಿಯರ್ ಮಾಡಿ ಮಾರೋ ಪಬ್). ಒಳಗೆ ಕೂರಬೇಡಿ, ಹೊರಗಡೆ ಹಾರ್ಬರ್ ಕಾಣೋ ಹಾಗೆ ಬೆಂಕಿ ಹಾಕಿರ್ತಾರೆ, ಅದರ ಪಕ್ಕ ಜಾಗ ಹಿಡೀರಿ. ಅವರ ಪಂಪ್ಕಿನ್ ಹಾರ್ವೆಸ್ಟ್ ಏಲ್ ಅನ್ನೋ ಕುಂಬಳಕಾಯಿ ಬಿಯರ್ ಬರೋದು ಈ ಸೀಸನ್‌ನಲ್ಲೇ. ಗ್ಲಾಸ್ ಮೂಗಿನ ಹತ್ರ ತಂದ ಕೂಡ್ಲೇ ಚಕ್ಕೆ, ಲವಂಗ, ಜಾಯಿಕಾಯಿ ಘಮ್ ಅನ್ನುತ್ತೆ, ಕುಂಬಳಕಾಯಿ ರುಚಿ ಮಾತ್ರ ಹುಡುಕಿದ್ರೂ ಸಿಗೋದು ಕಷ್ಟ, ಅದರಲ್ಲಿ ತಪ್ಪೇನಿಲ್ಲ, ಈ ಥರದ ಬಿಯರ್ ಇರೋದೇ ಹಾಗೆ. ಹಾಫ್ ಮೂನ್ ಬೇಗೆ ಬೆಟ್ಟ ದಾಟಿ ಬರೋ ಹೈವೇ 92ರ ಇನ್ನೊಂದು ತುದಿ ಹೇವರ್ಡ್‌ನಲ್ಲಿ ಬಫಲೋ ಬಿಲ್ಸ್ ಅಂತ ಬ್ರೂಪಬ್ ನಡೆಸ್ತಿದ್ದ ಬಿಲ್ ಓವೆನ್ಸ್ 1980ರ ದಶಕದಲ್ಲಿ ಹಳೇ ಕಾಲದ ಕುಂಬಳಕಾಯಿ ಬಿಯರ್ ಮತ್ತೆ ಮಾಡೋಕೆ ಹೋದಾಗ, ಕಾಯಿ ಹಾಕಿದ್ರೂ ರುಚಿ ಬರ್ಲಿಲ್ಲ ಅಂತ ಪಂಪ್ಕಿನ್ ಪೈ ಮಸಾಲೆ ಸೇರಿಸಿದ್ರು, ಈಗ ಎಲ್ಲರೂ ಹೆಚ್ಚುಕಮ್ಮಿ ಅದೇ ದಾರಿ. ಬೇರೆ ದಿನ ಮಸಾಲೆ ಬಿಯರ್ ನನಗೆ ಅಷ್ಟಕ್ಕಷ್ಟೇ. ತುಟಿ ಮೇಲೆ ಇನ್ನೂ ಉಪ್ಪಿರುವಾಗ, ಮೈ ಸಣ್ಣಗೆ ನಡುಗ್ತಿರುವಾಗ ಆ ಚಕ್ಕೆ ಲವಂಗದ ಬಿಯರ್ ಎಷ್ಟು ಹಿತ ಅನ್ಸುತ್ತೆ ಅಂದ್ರೆ ಕುಡಿದೇ ನೋಡ್ಬೇಕು. ಆದ್ರೆ ಒಂದೇ ಸಾಕು, ಎರಡನೇದು ಸಿಹಿ ಜಾಸ್ತಿ ಆಯ್ತು ಅನ್ಸುತ್ತೆ, ಆಗ ಅಂಬರ್ ಏಲ್ ತಗೊಳ್ಳಿ. ಮಸಾಲೆ ಇಷ್ಟ ಇಲ್ದೇ ಇರೋರು ಎಲ್ಲಾದ್ರೂ ಫ್ರೆಶ್ ಹಾಪ್ ಬಿಯರ್ ಕಂಡ್ರೆ ಬಿಡಬೇಡಿ, ಬಳ್ಳಿಯಿಂದ ಕಿತ್ತ ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡೋ ಹೂವು) ಒಣಗಿಸದೆ ಒಂದು ದಿನದೊಳಗೆ ಹಾಕಿ ಮಾಡೋದು, ಹಸಿ ಸೊಪ್ಪಿನ ವಾಸನೆ ಬರುತ್ತೆ, ಕೊಯ್ಲು ಮುಗಿದು ಕೆಲವೇ ವಾರ ಸಿಗೋದು.

ಅಕ್ಟೋಬರ್ ಮಧ್ಯದ ಕುಂಬಳಕಾಯಿ ಹಬ್ಬದ ವೀಕೆಂಡ್ ಮಾತ್ರ ಸರ್ಫಿಂಗ್‌ಗೆ ಬೇಡ. ಹಬ್ಬಾನ ಹಬ್ಬಕ್ಕೇ ಅಂತ ನೋಡಿ, 2023ರಲ್ಲಿ ಅಲ್ಲಿನ ತೂಕದ ಸ್ಪರ್ಧೆಗೆ ಬಂದ ಒಂದು ಕಾಯಿ 1,247 ಕೆಜಿ ತೂಗಿ ವಿಶ್ವದಾಖಲೆ ಮಾಡಿತ್ತು, ಆದ್ರೆ ಆ ಎರಡು ದಿನ 92ರಲ್ಲಿ ಕಾರು ತೆವಳ್ತಾ ಇರುತ್ತೆ, ನೀವು ನೀರಿಗಿಳಿಯೋಷ್ಟರಲ್ಲಿ ಕತ್ತಲಾಗಿರುತ್ತೆ. ಮಂಗಳವಾರ ಬುಧವಾರ ಆಫೀಸಿಂದ ಬೇಗ ಹೊರಡಿ, ನಾಲ್ಕಕ್ಕೆಲ್ಲ ನೀರಲ್ಲಿದ್ರೆ ಆರೂವರೆ ಸುಮಾರಿಗೆ ಸೂರ್ಯ ಮುಳುಗೋ ತನಕ ಬೇಕಾದಷ್ಟು ಟೈಮಿದೆ. 92ರ ಬೆಟ್ಟದ ತಿರುವು ರಾತ್ರಿ ಹೊತ್ತು ಕಷ್ಟ, ವಾಪಸ್ ಕಾರು ಓಡಿಸೋಕೆ ಕುಡಿಯದೇ ಇರೋ ಫ್ರೆಂಡ್ ಒಬ್ಬರನ್ನ ಕರ್ಕೊಂಡು ಹೋಗಿ, ಅವರ ಊಟದ ಬಿಲ್ ನೀವೇ ಕೊಡಿ.