ಉಪದೇಶ ಮಾಡದ ಕೋಣೆ: ಬೆಳಗಾವಿಯ ಎಎ ಮೀಟಿಂಗ್

ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನುವವರು ಗುಟ್ಟಾಗಿ ಒಟ್ಟಿಗೆ ಕೂತು ಮಾತಾಡುವ ಗುಂಪು. ಅದಕ್ಕೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಹುಡುಕುವ ಕಷ್ಟ. ಕುಡಿತ ಬಿಡಿಸುವ ಜಾಗ ಎಲ್ಲಿದೆ ಅಂತ ಮೊಬೈಲ್‌ನಲ್ಲಿ ನೋಡಿದರೆ ಬರುವುದೆಲ್ಲ ಜಾಹೀರಾತು. ಊಟದಲ್ಲಿ ಗೊತ್ತಾಗದ ಹಾಗೆ ಬೆರೆಸುವ ಪುಡಿ ಕೂಡ ಮಾರುತ್ತಾರೆ, ದಯವಿಟ್ಟು ಅದರ ಸಹವಾಸ ಬೇಡ. ಒಂದು ಖಾಸಗಿ ಕೇಂದ್ರಕ್ಕೆ ಫೋನ್ ಮಾಡಿದೆ. ಏನು ತೊಂದರೆ ಅಂತ ಕೇಳುವ ಮೊದಲೇ ಅಡ್ವಾನ್ಸ್ ಎಷ್ಟು ಕಟ್ಟುತ್ತೀರಿ ಅಂದರು. ಕೊನೆಗೆ ದಾರಿ ತೋರಿಸಿದ್ದು ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದ ಡಾಕ್ಟರ್. ಅಲ್ಲಿವರೆಗೆ ಹೋಗಲು ಆಗದವರು 14446ಕ್ಕೆ ಫೋನ್ ಮಾಡಿ, ಅದು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ದುಡ್ಡಿಲ್ಲ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ.

ಇನ್ನೊಂದು ಮಾತು, ಇದು ಮುಖ್ಯ. ದಿನಾ ಜಾಸ್ತಿ ಕುಡಿಯುವವರು ನಾಳೆ ಮೀಟಿಂಗ್ ಇದೆ ಅಂತ ಇವತ್ತು ಒಮ್ಮೆಲೇ ನಿಲ್ಲಿಸಬೇಡಿ. ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವಕ್ಕೇ ಕುತ್ತು ಬರಬಹುದು. ಮೊದಲು ಆಸ್ಪತ್ರೆ. ಮೀಟಿಂಗ್‌ನಲ್ಲಿ ಗುಳಿಗೆಯೂ ಇಲ್ಲ, ಸಲೈನೂ ಇಲ್ಲ.

ಸರಿ, ಜಾಗದ ವಿಷಯ. ಕ್ಯಾಂಪ್ ಕಡೆ ಒಂದು ಶಾಲೆಯ ಕೋಣೆ. ಬೋರ್ಡ್ ಇಲ್ಲ, ಇರುವುದೂ ಬೇಡ. ಒಳಗೆ ಪ್ಲಾಸ್ಟಿಕ್ ಕುರ್ಚಿ, ಫ್ಯಾನ್, ಒಂದು ಮೂಲೆಯಲ್ಲಿ ಚಹಾದ ಫ್ಲಾಸ್ಕ್. ರಿಜಿಸ್ಟರ್ ಇಲ್ಲ, ಅಡ್ರೆಸ್ ಕೇಳುವುದಿಲ್ಲ, ಬರೀ ಹೆಸರು ಹೇಳಿದರೆ ಸಾಕು, ಅದೂ ನಿಮಗೆ ಮನಸ್ಸಿದ್ದರೆ. ಒಬ್ಬರು ಕನ್ನಡದಲ್ಲಿ ಮಾತಾಡುತ್ತಾರೆ, ಇನ್ನೊಬ್ಬರು ಮರಾಠಿಯಲ್ಲಿ, ಮಧ್ಯೆ ಹಿಂದಿ. ಬೆಳಗಾವಿ ಅಲ್ವಾ. ಹೊಸಬರೊಬ್ಬರು ಬಂದಿದ್ದರು, ಕೈ ನಡುಗುತ್ತಿತ್ತು. ಚಹಾ ಕೊಡುವವರು ಅವರ ಕಪ್ ಅರ್ಧ ಮಾತ್ರ ತುಂಬಿಸಿದರು. ಆಮೇಲೆ ಇನ್ನರ್ಧ. ಅವರೂ ಒಂದು ಕಾಲಕ್ಕೆ ಹಾಗೇ ನಡುಗುತ್ತಾ ಬಂದವರೇ ಇರಬೇಕು.

ಯಾರು ಏನು ಹೇಳಿದರು ಅಂತ ಇಲ್ಲಿ ಬರೆಯುವುದಿಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಬಿಟ್ಟು ಬರಬೇಕು, ಅದೇ ನಿಯಮ. ನನಗೆ ಹಿಡಿಸಿದ್ದು ಬೇರೆ. ಒಬ್ಬರು ಮಾತಾಡುವಾಗ ಉಳಿದವರು ನಡುವೆ ಬಾಯಿ ಹಾಕುವುದಿಲ್ಲ. ಮುಗಿದ ಮೇಲೂ "ನೀವು ಹೀಗೆ ಮಾಡಬೇಕಿತ್ತು" ಅನ್ನುವುದಿಲ್ಲ. ಕುಡಿಯುವವನಿಗೆ ನಮ್ಮ ಕಡೆ ಬುದ್ಧಿ ಹೇಳದವರೇ ಇಲ್ಲ ನೋಡಿ, ಮಾವ ಹೇಳುತ್ತಾನೆ, ಕಿರಾಣಿ ಅಂಗಡಿಯವನು ಹೇಳುತ್ತಾನೆ, ನಿನ್ನೆ ರಾತ್ರಿ ಪಕ್ಕದಲ್ಲೇ ಕೂತು ಕುಡಿದವನೂ ಬೆಳಿಗ್ಗೆ ಹೇಳುತ್ತಾನೆ. ಈ ಕೋಣೆಯಲ್ಲಿ ಮಾತ್ರ ಯಾರೂ ಹೇಳುವುದಿಲ್ಲ. ತಮ್ಮದು ಹೇಳಿ ಸುಮ್ನೆ ಕೂರುತ್ತಾರೆ. ಅದಕ್ಕೇ ನಾನು ಮತ್ತೆ ಮತ್ತೆ ಹೋಗುತ್ತಿರುವುದು.

ಹಾಗಂತ ನಮ್ಮ ಹಳೆಯ ದಾರಿ ಕಡಿಮೆ ಅಂತಲ್ಲ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಭಿಕ್ಷೆಯಾಗಿ ನಿಮ್ಮ ಚಟ ಹಾಕಿ ಅಂತ ಕೇಳಿದವರು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳಿಂದ ಬಿಟ್ಟವರೂ ಇದ್ದಾರೆ. ಆದರೆ ಅಲ್ಲಿ ನಾಲ್ಕು ಜನರ ಮುಂದೆ ನಿಲ್ಲಬೇಕು. ಊರಿಗೆ ಗೊತ್ತಾದರೆ ನೌಕರಿಗೆ, ಮಗಳ ಸಂಬಂಧಕ್ಕೆ ತೊಂದರೆ ಅಂತ ಹೆದರುವವರಿಗೆ ಇಲ್ಲಿನ ಗುಟ್ಟು ಒಳ್ಳೆಯದು. ಇಲ್ಲಿ ಜನ್ಮಪೂರ್ತಿ ಆಣೆ ಇಲ್ಲ. ಇವತ್ತೊಂದು ದಿನ ಬೇಡ, ಅಷ್ಟೇ.

ಖರ್ಚು? ಫೀ ಇಲ್ಲ. ಕೊನೆಗೆ ಒಂದು ಡಬ್ಬಿ ಬರುತ್ತದೆ, ಹಾಕಿದರೆ ಹಾಕಿ, ಇಲ್ಲದಿದ್ದರೆ ಪಕ್ಕದವರಿಗೆ ಕೊಡಿ. ಹೊರಗಿನವರ ದೇಣಿಗೆ ತಗೊಳ್ಳುವುದೇ ಇಲ್ಲ. ಎಎ 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಒಬ್ಬ ಷೇರು ವ್ಯಾಪಾರದವನು ಮತ್ತು ಒಬ್ಬ ಸರ್ಜನ್ ಸೇರಿ ಶುರು ಮಾಡಿದ್ದು, ಇಬ್ಬರೂ ಕುಡುಕರೇ. ಸೇರಲು ಬೇಕಾದ್ದು ಕುಡಿತ ಬಿಡುವ ಆಸೆ ಒಂದೇ. ಇದೆಲ್ಲ ಬರೀ ನಂಬಿಕೆ ಅನ್ನುವವರಿಗೆ: ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2020ರ ವರದಿ ಹಲವಾರು ಅಧ್ಯಯನ ಒಟ್ಟಿಗೆ ಇಟ್ಟು ನೋಡಿ, ಪೂರ್ತಿ ಬಿಟ್ಟು ಇರುವ ವಿಷಯದಲ್ಲಿ ಎಎ ದಾರಿ ಬೇರೆ ಚಿಕಿತ್ಸೆಗಳಿಗೆ ಸಮ, ಕೆಲವು ಕಡೆ ಮೇಲು ಅಂತ ಹೇಳಿದೆ.

ಈಗ ಆ ಒಂದು ಸ್ಟಾರ್. ನಾನು ಹೋದಾಗೆಲ್ಲ ಗಂಡಸರೇ. ಕುಡಿತದ ತೊಂದರೆ ಇರುವ ಹೆಂಗಸರು ನಮ್ಮಲ್ಲಿ ಇಲ್ಲವೇ? ಇದ್ದಾರೆ, ಆದರೆ ಬಾಗಿಲ ಹೊರಗೆ ಸಿಗರೇಟು ಹಿಡಿದು ಗುಂಪು ನಿಂತಿದ್ದರೆ ಯಾವ ಹೆಣ್ಣುಮಗಳು ಒಳಗೆ ಬರುತ್ತಾಳೆ? ಮನೆಯವರಿಗಾಗಿ ಅಲ್-ಅನಾನ್ ಅಂತ ಬೇರೆ ಗುಂಪುಗಳಿವೆ, ಅದನ್ನೂ ವಿಚಾರಿಸಿ. ದೇವರ ಮಾತು ಸ್ವಲ್ಪ ಬರುತ್ತದೆ, ಕುಡಿತ ಬಿಡಲು ಎಎ ಹೇಳುವ ಹನ್ನೆರಡು ಮೆಟ್ಟಿಲಲ್ಲೇ ಅದು ಇದೆ. ನಾಸ್ತಿಕರು ಆ ಹೊತ್ತು ಚಹಾ ಕುಡಿಯಲಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮೊದಲ ಸಲ ಹೋಗುವವರು ಫೋನ್ ಮಾಡಿ ಓಪನ್ ಮೀಟಿಂಗ್ ಯಾವಾಗ ಅಂತ ಕೇಳಿ, ಅದಕ್ಕೆ ಹೆಂಡತಿಯನ್ನೋ ತಮ್ಮನನ್ನೋ ಕರೆದುಕೊಂಡು ಹೋಗಬಹುದು. ಕ್ಲೋಸ್ಡ್ ಮೀಟಿಂಗ್ ಬಿಡಬೇಕು ಅನ್ನುವವರಿಗೆ ಮಾತ್ರ. ಬೈಕ್ ನಿಲ್ಲಿಸಲು ಜಾಗ ಇದೆ, ಕಾರಿಗೆ ಕಷ್ಟ. ಗಣಪತಿ ಮೆರವಣಿಗೆ ದಿನ ಹೋಗುವುದಿದ್ದರೆ ಬೇಗ ಹೊರಡಿ, ಸಾಯಂಕಾಲದ ಮೇಲೆ ರಸ್ತೆ ಸಿಗುವುದಿಲ್ಲ.