ಹತ್ತು ವರ್ಷ ಬಳಸಿದ ಮೇಲೆ: ನಿಫ್ಟಿ 50 ಇಂಡೆಕ್ಸ್ ಫಂಡ್

2015ರ ಏಪ್ರಿಲ್‌ನಿಂದ ಪ್ರತಿ ತಿಂಗಳ 5ನೇ ತಾರೀಖು ನನ್ನ ಸಂಬಳದ ಖಾತೆಯಿಂದ ₹5,000 ಒಂದು ನಿಫ್ಟಿ 50 ಇಂಡೆಕ್ಸ್ ಫಂಡ್‌ಗೆ ಹೋಗುತ್ತಿದೆ. ನಿಫ್ಟಿ 50 ಎಂದರೆ ದೇಶದ ಐವತ್ತು ದೊಡ್ಡ ಕಂಪನಿಗಳ ಷೇರುಬೆಲೆಯ ಏರಿಳಿತ ತೋರಿಸುವ ಸೂಚ್ಯಂಕ; ಅದರ ಪಟ್ಟಿಯಲ್ಲಿರುವ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಕೊಳ್ಳುವುದು ಇಂಡೆಕ್ಸ್ ಫಂಡ್. ಯಾವ ಮ್ಯೂಚುವಲ್ ಫಂಡ್ ಸಂಸ್ಥೆಯಿಂದ ಕೊಂಡರೂ ಒಳಗಿನ ಸರಕು ಅದೇ ಐವತ್ತು ಕಂಪನಿಗಳ ಷೇರಾದ್ದರಿಂದ ಸಂಸ್ಥೆಯ ಹೆಸರು ಇಲ್ಲಿ ಅಗತ್ಯವಿಲ್ಲ. ಲಾಭ ಎಷ್ಟು ಬಂತು ಎನ್ನುವುದಕ್ಕಿಂತ, ಷೇರಿನಲ್ಲಿ ಹಣ ಮಾಡುವ ವ್ಯವಹಾರದಲ್ಲಿ ಅದೃಷ್ಟಕ್ಕಿರುವ ಪಾಲನ್ನು ಈ ಫಂಡ್ ಎಷ್ಟರಮಟ್ಟಿಗೆ ತಗ್ಗಿಸುತ್ತದೆ ಎಂಬುದೇ ನನಗೆ ಮುಖ್ಯವಾಗಿತ್ತು. ಅದಕ್ಕೆ ಕಾರಣ ನನ್ನ ಸೋದರಮಾವ.

1993ರ ಫೆಬ್ರುವರಿಯಲ್ಲಿ ಇನ್ಫೊಸಿಸ್ ಷೇರಿಗೆ ₹95ರಂತೆ ಪಬ್ಲಿಕ್ ಇಶ್ಯೂ (ಸಾರ್ವಜನಿಕರಿಗೆ ಮೊದಲ ಷೇರು ಮಾರಾಟ) ತಂದಾಗ ಕೊಳ್ಳುವವರೇ ಸಾಲದೆ, ಉಳಿದದ್ದನ್ನು ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ ಎತ್ತಿಕೊಂಡಿತು. ಮಾವ ₹9,500 ಕೊಟ್ಟು 100 ಷೇರು ಕೊಂಡಿದ್ದರು. ಜೂನ್‌ನಲ್ಲಿ ಪೇಟೆಗೆ ಬಂದ ದಿನ ಅದು ₹145ಕ್ಕೆ ತೆರೆದುಕೊಂಡಿತು. ಅವರು ಅಷ್ಟನ್ನೂ ಮಾರಿ ಮನೆಗೆ ಮೊದಲ ಫ್ರಿಜ್ ತಂದರು. ಬೋನಸ್ (ಉಚಿತವಾಗಿ ಕೊಡುವ ಹೆಚ್ಚುವರಿ ಷೇರು) ಮತ್ತು ಮುಖಬೆಲೆಯ ವಿಭಜನೆ (ಒಂದು ಷೇರನ್ನು ಹಲವಾಗಿ ಒಡೆಯುವುದು) ಎಲ್ಲ ಸೇರಿ ಆ 100 ಷೇರುಗಳು 2018ರ ಹೊತ್ತಿಗೆ 1,02,400 ಆಗಿದ್ದವು ಎಂದು ಲೆಕ್ಕ ಹಾಕಿದ ನೆಂಟರು ಆ ಫ್ರಿಜ್ಜನ್ನು ಇವತ್ತಿಗೂ ‘ಕೋಟಿ ಫ್ರಿಜ್’ ಎಂದೇ ಕರೆಯುತ್ತಾರೆ. ಆದರೆ ಅದೇ ಮಾವ ಅದೇ ಆಸುಪಾಸಿನಲ್ಲಿ ಒಂದು ಗ್ರಾನೈಟ್ ಕಂಪನಿಗೂ ಒಂದು ಸಿಗಡಿ ಸಾಕಣೆ ಕಂಪನಿಗೂ ಹಣ ಹಾಕಿ, ಎಷ್ಟೇ ಕುಸಿದರೂ ಮಾರದೆ ಇಟ್ಟುಕೊಂಡಿದ್ದರು. ಅಂಚು ನುಸಿ ತಿಂದ ಆ ಷೇರುಪತ್ರಗಳು ಅವರ ಟ್ರಂಕಿನ ತಳದಲ್ಲಿ, ಮದುವೆಯ ಪಂಚೆಯ ಕೆಳಗೆ ಈಗಲೂ ಇವೆ. ಕಂಪನಿಗಳು ಮಾತ್ರ ಇಲ್ಲ. ಮಾರಬಾರದ್ದನ್ನು ಮಾರಿದರು, ಮಾರಬೇಕಾದ್ದನ್ನು ಇಟ್ಟುಕೊಂಡರು ಎಂದು ಈಗ ಯಾರು ಬೇಕಾದರೂ ಹೇಳಬಹುದು. ಮೂರೂ ಕಡೆ ಅವರು ತೋರಿಸಿದ ಎದೆಗಾರಿಕೆ ಒಂದೇ, ಓದಿಕೊಂಡದ್ದೂ ಅಷ್ಟಕ್ಕಷ್ಟೇ.

ಇಂಡೆಕ್ಸ್ ಫಂಡ್ ಗೆಲ್ಲುವುದು ಇಲ್ಲಿಯೇ. ಪ್ರವರ್ತಕರ, ಅಂದರೆ ಕಂಪನಿಯ ಒಡೆತನ ಹಿಡಿದವರ, ಪಾಲನ್ನು ಬಿಟ್ಟು ಪೇಟೆಯಲ್ಲಿ ಓಡಾಡುವ ಷೇರುಗಳ ಮೌಲ್ಯವನ್ನು ನೋಡಿ ನಿಫ್ಟಿಯಲ್ಲಿ ಪ್ರತಿ ಕಂಪನಿಯ ತೂಕವನ್ನು ನಿಗದಿ ಮಾಡುತ್ತಾರೆ. ವರ್ಷಕ್ಕೆರಡು ಬಾರಿ ಪಟ್ಟಿಯ ಪರಿಷ್ಕರಣೆ ನಡೆಯುತ್ತದೆ. ಲೆಕ್ಕಪತ್ರದ ವಂಚನೆ ಬಯಲಾದ 2009ರ ಜನವರಿಯಲ್ಲಿ ಸತ್ಯಂ, 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಈ ಪಟ್ಟಿಯಿಂದ ಹೊರಬಿದ್ದವು. ಆ ಎರಡರಲ್ಲಿ ಮಾತ್ರ ಹಣ ಹಾಕಿದವರ ಬದುಕು ಅಲ್ಲಾಡಿರಬಹುದು. ಯೆಸ್ ಬ್ಯಾಂಕ್ ಹೊರಹೋದದ್ದು ನನಗೆ ತಿಳಿದದ್ದೇ ಪತ್ರಿಕೆ ಓದಿ. ಗೆಲ್ಲುವ ಕಂಪನಿಯನ್ನು ಆರಿಸಿ ಹಿಡಿಯುವ ಅದೃಷ್ಟವನ್ನು ಬಿಟ್ಟುಕೊಟ್ಟು, ಸೋಲುವ ಕಂಪನಿಯೊಂದಿಗೆ ಮುಳುಗುವ ದುರದೃಷ್ಟದಿಂದ ಪಾರಾಗುವ ಈ ವಿನಿಮಯ ನನಗೆ ಒಪ್ಪಿಗೆಯಾಗಿದೆ, ಕೋಟಿ ಫ್ರಿಜ್ಜಿನ ಆಸೆ ಇದ್ದವರಿಗೆ ಒಪ್ಪಿಗೆಯಾಗಲಾರದು.

ತಾರೀಖಿನ ಅದೃಷ್ಟವನ್ನು ಮಾತ್ರ ಈ ಫಂಡ್ ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ಫಂಡ್ ಮಾರುವವರು ಈ ಮಾತನ್ನು ಎತ್ತುವುದೂ ಇಲ್ಲ. 2008ರ ಜನವರಿಯಲ್ಲಿ 6,280 ಅಂಶ ದಾಟಿದ್ದ ನಿಫ್ಟಿ 2013ರ ಕೊನೆಗೂ 6,300ರ ಸುತ್ತಲೇ ಇತ್ತು; 2009ರ ಮಾರ್ಚ್‌ನಲ್ಲಿ 2,600ರ ಕೆಳಗಿದ್ದಾಗ ಇಡಿಗಂಟು ಹಾಕಿದವರ ಹಣ ಅದೇ ಡಿಸೆಂಬರ್‌ಗೆ ದುಪ್ಪಟ್ಟಾಯಿತು. ತಿಂಗಳು ತಿಂಗಳು ಹಾಕಿದರೆ ಕೊಳ್ಳುವ ತಾರೀಖಿನ ಏರಿಳಿತ ಹಂಚಿಹೋಗುತ್ತದೆ ನಿಜ, ತೆಗೆಯುವ ತಾರೀಖು ಹಂಚಿಹೋಗುವುದಿಲ್ಲ. ನನ್ನ ಮಾತು ಕೇಳಿ ಅದೇ ತಿಂಗಳು, ಅಷ್ಟೇ ಮೊತ್ತದಿಂದ ಶುರು ಮಾಡಿದ ಸಹೋದ್ಯೋಗಿಯೊಬ್ಬರಿಗೆ ತಾಯಿಯ ಚಿಕಿತ್ಸೆಗೆಂದು ಹಣ ಬೇಕಾದದ್ದು 2020ರ ಏಪ್ರಿಲ್ ಮೊದಲ ವಾರದಲ್ಲಿ. ನಿಫ್ಟಿ ಒಂದೇ ದಿನ ಶೇ 13ರಷ್ಟು ಬಿದ್ದ ಮಾರ್ಚ್ 23 ಕಳೆದು ಆಗಿನ್ನೂ ಎರಡು ವಾರವಾಗಿರಲಿಲ್ಲ. ₹3 ಲಕ್ಷ ಹಾಕಿದ್ದವರು ಸುಮಾರು ₹2.6 ಲಕ್ಷ ತೆಗೆದುಕೊಂಡು ಹೋದರು. ನನ್ನ ಮಗಳ ಎಂಜಿನಿಯರಿಂಗ್ ಸೀಟಿಗೆ ಹಣ ಬೇಕಾದದ್ದು 2021ರ ನವೆಂಬರ್‌ನಲ್ಲಿ. ಆಗ ನಾನು ಹಾಕಿದ್ದ ₹4 ಲಕ್ಷ ಸುಮಾರು ₹7 ಲಕ್ಷವಾಗಿತ್ತು. ಸ್ಟಾಫ್ ರೂಮಿನಲ್ಲಿ ‘ನಿಮ್ಮ ತಾಳ್ಮೆ ಫಲ ಕೊಟ್ಟಿತು ಸರ್’ ಎಂದು ಯಾರಾದರೂ ಹೊಗಳಿದರೆ, ಮೂಲೆಯ ಮೇಜಿನಲ್ಲಿ ಕೂತ ಆ ಸಹೋದ್ಯೋಗಿಯ ಮುಖ ನೋಡಲು ನನಗೆ ಸಂಕೋಚವಾಗುತ್ತದೆ.

ಅಪಾಯ ಹೆಚ್ಚು ತೆಗೆದುಕೊಂಡರೆ ಅದೃಷ್ಟ ತಾನಾಗಿ ಒಲಿಯುತ್ತದೆ ಎಂದು ನಂಬಿ ಈ ಫಂಡನ್ನು ‘ಸಪ್ಪೆ’ ಎನ್ನುವ ಹುಡುಗರು ನನ್ನ ತರಗತಿಯಲ್ಲೂ ಇದ್ದಾರೆ. ಷೇರು, ಸೂಚ್ಯಂಕಗಳ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವಂಥ ಆಪ್ಷನ್ ವಹಿವಾಟು ಅವರ ಮೊಬೈಲಿನಲ್ಲೇ ನಡೆಯುತ್ತದೆ. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಅಧ್ಯಯನವೇ ಹೇಳಿದೆ.

ಇನ್ನು ದೋಷಗಳು. ಐವತ್ತು ಕಂಪನಿಗಳೆಂದರೂ ಅರ್ಧಕ್ಕಿಂತ ಹೆಚ್ಚು ತೂಕ ಮೊದಲ ಹತ್ತರ ಮೇಲೇ ಕೂತಿದೆ, ಮೂರನೇ ಒಂದಂಶಕ್ಕೂ ಮೀರಿದ ಹಣ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಲ್ಲಿದೆ. ಪೇಟೆ ಬಿದ್ದಾಗ ಫಂಡ್ ಕೂಡ ಪೂರ್ತಿಯಾಗಿ ಬೀಳುತ್ತದೆ. ಮೊದಲ ಎರಡು ವರ್ಷ ಬ್ಯಾಂಕೊಂದರ ನೌಕರರು ಮಧ್ಯವರ್ತಿಯಿಲ್ಲದೆ ಕೊಳ್ಳುವ ಡೈರೆಕ್ಟ್ ಪ್ಲಾನ್ ಇದೆಯೆಂಬುದನ್ನೇ ಹೇಳದೆ ನನ್ನನ್ನು ಮಧ್ಯವರ್ತಿಯ ಮೂಲಕ ಕೊಳ್ಳುವ ರೆಗ್ಯುಲರ್ ಪ್ಲಾನ್‌ಗೆ ಸೇರಿಸಿ, ಪ್ರತಿವರ್ಷ ಅವರಿಗೆ ಕಮಿಷನ್ ಹೋಗುವಂತೆ ಮಾಡಿದ್ದರು. ಈ ಫಂಡ್ ಕೊಳ್ಳುವುದಾದರೆ ಅರ್ಜಿಯಲ್ಲಿ ‘ಡೈರೆಕ್ಟ್’ ಎಂಬ ಪದವನ್ನು ಕಣ್ಣಾರೆ ನೋಡಿಯೇ ಸಹಿ ಹಾಕಬೇಕು.

ಐದಕ್ಕೆ ನಾನು ನಾಲ್ಕು ಅಂಕ ಕೊಡುತ್ತೇನೆ. ಐದು ವರ್ಷದೊಳಗೆ ಬೇಕಾಗುವ ಹಣಕ್ಕೆ ಎರಡಂಕವೂ ಹೆಚ್ಚು. ಮಗಳ ಮದುವೆಗೆಂದು ಎತ್ತಿಟ್ಟದ್ದನ್ನು ನಾನು ಕಳೆದ ವರ್ಷವೇ ತೆಗೆದು ಅಂಚೆ ಕಚೇರಿಯ ಠೇವಣಿಗೆ ಹಾಕಿದ್ದೇನೆ.